ಒಂದು ಬೆರಳು ಬಿಟ್ಟ ಹೊಲಿಗೆ

ಮಿರಜ
೨ ಸೆಪ್ಟೆಂಬರ್ ೨೦೨೪, ಸೋಮವಾರ ಮುಂಜಾನೆ

ಪ್ರೀತಿಯ ಅಕ್ಕಾ,
ವಂದಾಮಿ ಮಾತಾಜಿ,

ಮೊದಲನೆಯ ಸಾಲನ್ನು ಬರೆದ ಮೇಲೆ ಹೊಡೆದುಹಾಕಬೇಕೆಂದುಕೊಂಡೆ, ಕೈ ಬರಲಿಲ್ಲ. ಎರಡರಲ್ಲಿ ಯಾವುದು ಈಗ ನಿಮಗೆ ಸಲ್ಲುತ್ತದೋ ಅದನ್ನು ಓದಿಕೊಳ್ಳಿ. ನಿಮ್ಮಂಥ ಆರ್ಯಿಕೆಯರನ್ನು ಕ್ಷೇಮ ಕೇಳುವಾಗ ರತ್ನತ್ರಯ ಕುಶಲವೇ ಎಂದು ಕೇಳಬೇಕಂತೆ, ಬಸದಿಯ ಪಂಡಿತರು ಹೇಳಿಕೊಟ್ಟಿದ್ದಾರೆ. ಹಾಗೆಯೇ ಕೇಳಿದ್ದೇನೆ ಎಂದು ತಿಳಿಯಿರಿ. ಆದರೆ ನನಗೆ ಕೇಳಬೇಕಾಗಿರುವುದು ನಿಮ್ಮ ಎಡಗಾಲಿನ ಹಿಮ್ಮಡಿಯ ಬಗ್ಗೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಚಪ್ಪಲಿ ಹಾಕಿಕೊಂಡರೂ ಅದು ಒಡೆಯುತ್ತಿತ್ತು, ಅವ್ವ ಅದಕ್ಕೆ ಮೇಣ ಕಾಸಿ ಹಚ್ಚುತ್ತಿದ್ದಳು. ದೀಕ್ಷೆ ತೆಗೆದುಕೊಂಡ ಈ ಹನ್ನೊಂದು ವರ್ಷಗಳಲ್ಲಿ ಬರಿಗಾಲಲ್ಲಿ ಎಷ್ಟು ಊರು ನಡೆದಿರಿ, ನನಗೆ ಗೊತ್ತಿಲ್ಲ. ಈ ಸಲದ ಚಾತುರ್ಮಾಸ ಬೇಡಗದಲ್ಲಿ ಎಂದು ತಿಳಿದಾಗ ಅವ್ವ ಬೆರಳು ಮಡಚಿ ಎಣಿಸಿದಳು. ಮನೆಯಿಂದ ಇಷ್ಟು ಹತ್ತಿರಕ್ಕೆ ನೀವು ಬಂದದ್ದು ಇದೇ ಮೊದಲು. ಬಂದರೂ ನಾಲ್ಕು ತಿಂಗಳು ಆ ಊರು ಬಿಟ್ಟು ಹೊರಡುವಂತಿಲ್ಲ. ಗಾಡಿಯನ್ನಂತೂ ಯಾವತ್ತೂ ಏರುವಂತಿಲ್ಲ. ಆದ್ದರಿಂದ ಬನ್ನಿ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ.

ನನ್ನ ಕೆಲಸದ ಸಮಾಚಾರ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಒಳಗೇ ಇದೆ. ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದ ಅಂಗಡಿಯಲ್ಲೇ ನಾನು ಚೀಲ ಹೊಲಿಸುತ್ತೇನೆ. ನಮ್ಮ ಊರಿಗೆ ಜನ ಬರುವುದೇ ರೋಗ ಹೊತ್ತುಕೊಂಡು. ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ರೈಲು ಇಳಿದು, ಎಷ್ಟು ದಿನ ಇರಬೇಕಾಗುತ್ತದೋ ಎಂದು ಹಾಸಿಗೆ, ಪಾತ್ರೆ, ವಾರಕ್ಕಾಗುವಷ್ಟು ರೊಟ್ಟಿ ಎಲ್ಲ ಕಟ್ಟಿಕೊಂಡು ಆಸ್ಪತ್ರೆ ಸೇರುತ್ತಾರೆ. ಅಲ್ಲಿ ರೋಗಿಗೆ ಒಂದು ಮಂಚ, ಮಂಚದ ಕೆಳಗೆ ಒಬ್ಬರು ಮಲಗುವಷ್ಟು ಜಾಗ. ಆ ಜಾಗದಲ್ಲಿ ಸಾಮಾನಿನ ಚೀಲ ಇದ್ದರೆ ಮನುಷ್ಯ ಹಿಡಿಸುವುದಿಲ್ಲ. ಸಾಮಾನು ಗೂಡಿಗೆ ಹೋದ ಮೇಲೂ ಖಾಲಿ ಚೀಲ ಹೊಟ್ಟೆ ಉಬ್ಬಿಸಿಕೊಂಡು ಅಲ್ಲೇ ಬಿದ್ದಿರುತ್ತದೆ. ತುಂಬಿದ್ದನ್ನು ಹೊರುವ ಚೀಲವನ್ನು ಯಾರೂ ಹೊಲಿಯಬಲ್ಲರು. ಖಾಲಿಯಾದ ಮೇಲೆ ಅದು ಎಲ್ಲಿಗೆ ಹೋಗಬೇಕು ಎನ್ನುವುದರ ಹಿಂದೆ ನಾನು ಮೂರು ವರ್ಷ ಬಿದ್ದಿದ್ದೆ.

ನಿಜ ಹೇಳಬೇಕೆಂದರೆ ಆ ಯೋಚನೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ನಮ್ಮ ಮನೆಯಲ್ಲಿ. ಅಪ್ಪ ನಿಮಗೆಂದು ಮಾಡಿದ ನೀಲಿ ಟ್ರಂಕು ಇನ್ನೂ ಅವ್ವನ ಮಂಚದ ಪಕ್ಕದಲ್ಲೇ ಇದೆ. ದೀಕ್ಷೆಯ ಹಿಂದಿನ ದಿನ ನೀವು ಸೀರೆ, ಪುಸ್ತಕ, ಗಡಿಯಾರ ಎಲ್ಲ ಹಂಚಿಬಿಟ್ಟಿರಿ, ಟ್ರಂಕನ್ನು ಮಾತ್ರ ಯಾರೂ ಒಯ್ಯಲಿಲ್ಲ. ಅದರಲ್ಲಿ ಏನೂ ಇಲ್ಲ, ಏನನ್ನೂ ಇಡಲು ಅವ್ವ ಬಿಡುವುದಿಲ್ಲ. ದಿನಾ ಮುಂಜಾನೆ ಅದರ ಮೂಲೆಗೆ ನನ್ನ ಮೊಣಕಾಲು ಬಡಿಯುತ್ತದೆ. ಹನ್ನೊಂದು ವರ್ಷದಿಂದ ಬಡಿಯುತ್ತಿದೆ.

ಮೊದಲ ಚೀಲದ ತಳಕ್ಕೆ ದಪ್ಪ ರಟ್ಟು ಹಾಕಿದ್ದೆ. ವಾರ್ಡಿನ ನೆಲ ಒರೆಸಿದ ನೀರು ಕುಡಿದು ಅದು ಅಂಬಲಿಯಾಯಿತು. ಎರಡನೆಯದಕ್ಕೆ ತಂತಿಯ ಚೌಕಟ್ಟು. ಇಪ್ಪತ್ತು ವರ್ಷದಿಂದ ನನ್ನ ಮಶೀನಿನ ಮೇಲೆ ಕೂತಿರುವ ಶಿದ್ರಾಮ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ತಟ್ಟನೆ ಬಿಚ್ಚಿಕೊಂಡು ಅವನ ಗದ್ದಕ್ಕೆ ಹೊಡೆಯಿತು. "ಮಾಲಕರ, ಇದು ಚೀಲ ಅಲ್ರಿ, ಇಲಿ ಬೋನ ಐತಿ" ಎಂದ. ಮೂರನೆಯದರ ತಳವನ್ನು ಪ್ಲೈವುಡ್ಡಿನ ಎರಡು ಹಲಗೆ ಮಾಡಿ ನಡುವೆ ಬಟ್ಟೆಯಿಂದ ಜೋಡಿಸಿದೆ. ಪಕ್ಕದ ಗೋಡೆಗಳು ಒಳಕ್ಕೆ ಮಲಗುತ್ತವೆ, ಹಲಗೆ ಪುಸ್ತಕದಂತೆ ಮುಚ್ಚುತ್ತದೆ, ಸುತ್ತ ಚೈನು ಎಳೆದರೆ ಮುಗಿಯಿತು. ಎರಡು ಬೆರಳು ದಪ್ಪ. ಮಂಚದ ಸರಳಿಗೆ ಕೊಕ್ಕೆ ಹಾಕಿ ತೂಗಿಬಿಡಬಹುದು. ಉಳಿದ ತೊಂದರೆ ಒಂದೇ. ಮಡಚಿದಾಗ ಒಳಗಿನ ಅಸ್ತರ ಮುದ್ದೆಯಾಗಿ ನಡುವೆ ಮುಷ್ಟಿಯಷ್ಟು ಗಂಟಾಗುತ್ತಿತ್ತು. ತಿಂಗಳುಗಟ್ಟಲೆ ಬಿಚ್ಚಿ ಹೊಲಿದೆವು. ಕೊನೆಗೆ ಅದಕ್ಕೆ ಉತ್ತರ ಹೇಳಿದವಳು ಬಾಗಿಲ ಬಳಿ ಕೂತು ದಾರ ಕತ್ತರಿಸುತ್ತಿದ್ದ ಅವ್ವ. "ಎಲ್ಲಾ ಯಾಕ ಹೊಲಿತಿ? ತಳದಾಗ ಒಂದ ಬೆರಳು ಬಿಡೋ. ಅರಿವೀಗೂ ಉಸುರಾಡಾಕ ಜಾಗಾ ಬೇಕು" ಎಂದಳು. ಒಂದು ಬೆರಳಷ್ಟು ಹೊಲಿಗೆ ಬಿಟ್ಟೆವು. ಅಸ್ತರ ಜಾರಿ ತಾನಾಗಿಯೇ ಚಪ್ಪಟೆಯಾಗಿ ಮಲಗಿತು.

ಆಗಸ್ಟ್ ಆರರಂದು ಅವ್ವನಿಗೆ ಲಕ್ವಾ ಹೊಡೆಯಿತು. ದೊಡ್ಡದಲ್ಲ, ಬಾಯಿ ಒಂದಿಷ್ಟು ಸೊಟ್ಟಗಾಯಿತು, ಬಲಗೈ ಜೋಮು ಹಿಡಿಯಿತು. ನಿಮಗೆ ತಿಳಿಸಲಿಲ್ಲ, ತಿಳಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ನನ್ನ ಹೆಂಡತಿ ಸುಖದಾ ಅವಳ ಬಟ್ಟೆಬರೆಯನ್ನು ಹೊಸ ಚೀಲದಲ್ಲಿ ತುಂಬಿದಳು. ಆಸ್ಪತ್ರೆಯಲ್ಲಿ ಅದನ್ನು ಖಾಲಿ ಮಾಡಿ, ಮಡಚಿ, ಅವ್ವನ ಎಡಗೈ ಬದಿಯ ಸರಳಿಗೆ ನಾನೇ ತೂಗುಹಾಕಿದೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ತಿಳಿಯಾಗಲು ಗುಳಿಗೆ, ಮುಂಜಾನೆ ಎಂಟಕ್ಕೊಂದು ಸಂಜೆ ಎಂಟಕ್ಕೊಂದು ಎಂದರು ಡಾಕ್ಟರು. ಹದಿನೆಂಟು ದಿನ ಇದ್ದೆವು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ಅವಳ ಹಣೆ ಮುಟ್ಟಿ, ಆಮೇಲೆ ಚೀಲದ ಮೇಲೆ ಅಂಗೈ ಆಡಿಸುತ್ತಿದ್ದೆ. ಚಪ್ಪಟೆ. ಪಕ್ಕದ ಮಂಚದವರಿಗೆ ಬಿಚ್ಚಿ ತೋರಿಸುವ ಆಸೆಯಾಗುತ್ತಿತ್ತು, ಆದರೆ ಅವ್ವ "ಇರಲಿ ಬಿಡೋ, ಮತ್ತ ಮಡಚಬೇಕು" ಎನ್ನುತ್ತಿದ್ದಳು. ಬಿಚ್ಚದೆಯೇ ಅವರಲ್ಲೊಬ್ಬರು ತಮಗೂ ಒಂದು ಬೇಕೆಂದರು. ತಾಯಿಯ ತಲೆದಿಂಬಿನ ಬಳಿ ನಿಂತು ಚೀಲದ ಅಳತೆ ಬರೆದುಕೊಂಡೆ.

ಮನೆಗೆ ಕಳಿಸುವ ದಿನ, ಆಗಸ್ಟ್ ಇಪ್ಪತ್ತನಾಲ್ಕಕ್ಕೆ, ಬಟ್ಟೆ ತುಂಬಲೆಂದು ಚೀಲ ಬಿಚ್ಚಿ ಕೊಡವಿದೆ. ಹೊಲಿಗೆ ಬಿಟ್ಟ ಕಡೆಯಿಂದ ಗುಳಿಗೆಗಳು ನೆಲಕ್ಕೆ ಬಿದ್ದು ಉರುಳಿದವು. ಕೆಲವು ಬೆವರಿಗೆ ಒಂದಕ್ಕೊಂದು ಅಂಟಿದ್ದವು. ಹದಿನೇಳು ಇದ್ದವು, ಸಂಜೆಗೊಂದರಂತೆ. ಮೊದಲ ಸಂಜೆ ಮಾತ್ರ ಅವಳಿಗೆ ಸರಿಯಾಗಿ ಎಚ್ಚರವಿರಲಿಲ್ಲ.

ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ ಎಂಬ ನಿಯಮ ಅವಳಿಗೆ ಮದುವೆಯಾದಾಗಿನಿಂದ ಇದೆ, ನಿಮಗೆ ಗೊತ್ತು. ಆದರೆ ನೀರಿಗೆ, ಔಷಧಕ್ಕೆ ಛೂಟ ಇತ್ತು, ಅವೆರಡು ನಿಯಮಕ್ಕೆ ಹೊರತು. ಅಪ್ಪ ಹಾಗೆಂದೇ ಹಟ ಹಿಡಿದು ನಿಯಮ ಕೊಡಿಸಿದ್ದರು. ನಾನು ವಾರ್ಡಿನಲ್ಲೇ ಕೂಗಾಡಿದೆ. ಅವಳು ಸೊಟ್ಟ ಬಾಯಲ್ಲಿ ಒಂದೊಂದೇ ಮಾತು ಜೋಡಿಸಿದಳು. "ಛೂಟ ತಗದೇನಿ ಸಂಮೇದಾ. ಬೇಡಗದಾಗ, ಆಕಿ ಮುಂದ." ಹೇಳಿದ್ದರೆ ಡಾಕ್ಟರು ಹೊತ್ತು ಬದಲಿಸಿ ಕೊಡುತ್ತಿದ್ದರಲ್ಲ ಎಂದೆ. "ನೀ ಬೈತಿದ್ದಿ" ಎಂದಳು. ಡಾಕ್ಟರು ನಿಜಕ್ಕೂ ಬದಲಿಸಿ ಕೊಟ್ಟರು. ಮುಂಜಾನೆ ಏಳಕ್ಕೆ, ಸಂಜೆ ಆರಕ್ಕೆ. ಪೆನ್ನಿನ ಎರಡು ಗೆರೆ, ಅಷ್ಟೇ. ವಾರ್ಡಿನ ಆಯಾ ರುಕ್ಮವ್ವ ಗುಳಿಗೆ ಗುಡಿಸುತ್ತ, "ಲೋಟಾ ಎತ್ತತಿದ್ಲರಿ ಅಣ್ಣಾರ, ಗಂಟಲಾ ಅಲಗಾಡತಿದ್ದಿಲ್ಲ. ಮುದುಕಿ ಐತಿ, ಹನಿಹನಿ ಕುಡಿತೈತಿ ಅಂತ ನಾ ಸುಮ್ಮನಿದ್ದೆ" ಎಂದಳು. ನಾನೂ ಅಲ್ಲೇ ಇದ್ದೆ. ನನ್ನ ಕಣ್ಣು ಚೀಲದ ಮೇಲಿತ್ತು.

ಮೂರನೆಯ ದಿನ ಮನೆಯಲ್ಲಿ ಎರಡನೆಯ ಹೊಡೆತ ಬಿತ್ತು. ಈಗ ಮಾತಿಲ್ಲ. ಬಲಭಾಗ ಪೂರ್ತಿ ಹೋಗಿದೆ, ಎಡಗೈ ಮತ್ತು ಕಣ್ಣು ಉಳಿದಿವೆ. ಅದೇ ವಾರ್ಡು, ಅದೇ ಚೀಲ. ಈಗ ಎಂಟು ತಾಸಿಗೊಂದು ಗುಳಿಗೆ. ಎಂಟು ತಾಸಿನ ಮೂರು ಸರದಿಯನ್ನು ಹಗಲಿನೊಳಗೆ ಮಡಚಿ ಕೂರಿಸುವ ಉಪಾಯ ನನ್ನಲ್ಲಿಲ್ಲ. ದೀಪ ಹಚ್ಚಿದ ಮೇಲೆ ಅವ್ವ ಬಾಯಿ ಬಿಡುವುದಿಲ್ಲ. ಹಲ್ಲು ಕಚ್ಚಿ ಗೋಡೆ ನೋಡುತ್ತಾಳೆ. ಸೂಜಿ ಚುಚ್ಚಲು ಕೈಯ ನರ ಸಿಗುತ್ತಿಲ್ಲ, ಮೂಗಿನಿಂದ ಹಾಕಿದ ನಳಿಕೆಯನ್ನು ಎಡಗೈಯಿಂದ ಎರಡು ಸಲ ಕಿತ್ತಳು. ಮೂರನೆಯ ಸಲ ಕೈಯನ್ನು ಮಂಚಕ್ಕೆ ಕಟ್ಟಿದರು. ನಾನು ಬಿಚ್ಚಿದೆ. ಹೀಗೇ ತಪ್ಪಿಸಿದರೆ ಇನ್ನೊಂದು ಹೊಡೆತ ತಾಳುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಶಿದ್ರಾಮ ನೋಡಲು ಬಂದವನು ಹೊರಗೆ ಬೀಡಿ ಹಚ್ಚಿ, "ಮಾಲಕರ, ನಿಮಗ ಚೀಲಾ ಮಡಚಾಕ ಬರತೈತಿ, ಅವ್ವಾರನ್ನ ಮಡಚಾಕ ಬರೂದಿಲ್ರಿ" ಎಂದ. ನಗಿಸಲು ಹೇಳಿದ್ದು. ನಕ್ಕೆ ಕೂಡ.

ಸುಖದಾಳನ್ನು ಕೇಳಿದೆ. ಚಾತುರ್ಮಾಸ ಶುರುವಾಗಿ ಕಲಶ ಇಟ್ಟ ದಿನ ಅವ್ವನನ್ನು ಬೇಡಗಕ್ಕೆ ಕರೆದುಕೊಂಡು ಬಂದವಳು ಅವಳೇ. "ಪಾಳಿ ಭಾಳ ದೊಡ್ಡದಿತ್ರಿ. ಮಾತಾಜಿ ಎಲ್ಲಾರಿಗೂ ಏನ ಬಿಡತೀರಿ ಅಂತ ಕೇಳತಿದ್ರು. ಅತ್ತಿ ಏನೋ ಅಂದ್ರು, ಗದ್ದಲದಾಗ ನನಗ ಕೇಳಲಿಲ್ಲ. ಮಾತಾಜಿ ಪಿಂಛಿ ಎತ್ತಿದ್ರು" ಎಂದಳು. ಯಾರು ಏನು ಬಿಡುತ್ತೇನೆಂದರೂ ನವಿಲುಗರಿಯ ಆ ಪಿಂಛಿ ಎದ್ದು ಹರಸುತ್ತದೆ. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಬದನೆಕಾಯಿ ಬಿಡುತ್ತಾರೆ. ನಮ್ಮ ಅವ್ವ ಛೂಟ ಬಿಟ್ಟಳು. ನಿಮಗೆ ಕೇಳಿಸಿತ್ತೋ ಇಲ್ಲವೋ. ಮುಂದೆ ಕೂತವಳು ಯಾರೆಂದು ತಿಳಿದಿತ್ತೋ, ತಿಳಿದೂ ಎಲ್ಲರಂತೆ ಕಾಣಬೇಕಾಗಿತ್ತೋ. ನಾನು ಜಗಳಕ್ಕೆ ಬಂದಿಲ್ಲ. ಕೊಡಲು ಬೇರೇನೂ ಇಲ್ಲದ ಮಗಳ ಕೈಯಿಂದ ಏನಾದರೂ ಪಡೆಯಬೇಕೆಂದು ಅವಳಿಗೆ ಅನಿಸಿರಬೇಕು, ಇಷ್ಟು ನನಗೆ ಅರ್ಥವಾಗುತ್ತದೆ.

ನಿಯಮ ಕೊಟ್ಟವರೇ ಛೂಟ ಕೊಡಬೇಕು, ಬೇರೆಯವರ ಮಾತಿಗೆ ಆಕೆ ಬಾಯಿ ತೆರೆಯಲಿಕ್ಕಿಲ್ಲ ಎಂದರು ಪಂಡಿತರು. ಹಾಗೆಂದೇ ಶುಕ್ರವಾರ ನಾನು ಬೇಡಗಕ್ಕೆ ಬಂದಿದ್ದೆ. ನಿಮಗೆ ನೆನಪಿದೆಯೋ ಇಲ್ಲವೋ, ತೆಂಗಿನಕಾಯಿ ಹಿಡಿದು ಪಾಳಿಯಲ್ಲಿ ನಿಂತಿದ್ದೆ. ನೀವು ಹಲಗೆಯ ಮೇಲೆ ಕೂತಿದ್ದಿರಿ, ಬಹಳ ಸೊರಗಿದ್ದಿರಿ. ನನ್ನ ಸರದಿ ಬಂತು. ಮುಖ ನೋಡಿದಿರಿ. "ಏನು ಬಿಡುತ್ತೀರಿ?" ಎಂದಿರಿ. ಹೇಳಬೇಕಾದುದನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು "ಬಟಾಟಿ" ಎಂಬ ಒಂದೇ ಮಾತು. ಪಿಂಛಿ ಎದ್ದಿತು. ಹಿಂದಿನವರು ತಳ್ಳಿದರು. ದೀಪಾವಳಿಯವರೆಗೆ ಆಲೂಗಡ್ಡೆ ಬಿಟ್ಟು ಮಿರಜಿಗೆ ವಾಪಸು ಬಂದೆ. ಸುಖದಾ ಏನಾಯಿತೆಂದು ಕೇಳಿದಳು, ಮಾತಾಜಿ ಮೌನದಲ್ಲಿದ್ದರು ಎಂದೆ.

ಅದಕ್ಕೇ ಈ ಕಾಗದ. ಶಿದ್ರಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಜೈನನಲ್ಲ, ಪಾಳಿಯಲ್ಲಿ ಹೆದರುವವನೂ ಅಲ್ಲ. ನೀವು ಉತ್ತರ ಬರೆಯಬೇಕಿಲ್ಲ. ಅವ್ವನ ಹೆಸರು ಹಿಡಿದು, ಮಾಣಿಕಬಾಯಿಗೆ ರಾತ್ರಿಯ ಔಷಧಕ್ಕೆ, ಅದರ ಜೊತೆಗಿನ ನೀರಿಗೆ ಛೂಟ ಇದೆ ಎಂದು ಅವನ ಮುಂದೆ ಒಂದು ಮಾತು ಹೇಳಿದರೆ ಸಾಕು. ಅದಕ್ಕೆ ಪ್ರಾಯಶ್ಚಿತ್ತವಿದ್ದರೆ ನನಗೆ ಹೇಳಿ, ನಾನು ಮಾಡುತ್ತೇನೆ. ಓದಿದ ಮೇಲೆ ಕಾಗದ ಅವನಿಗೇ ವಾಪಸು ಕೊಡಿ. ಇದೊಂದು ಕಾಗದವೂ ನಿಮ್ಮ ಬಳಿ ಉಳಿಯುವುದು ಬೇಡ.

ಸುಖದಾ ವಂದಾಮಿ ಹೇಳಿದ್ದಾಳೆ. ಹಿಮ್ಮಡಿಗೆ ಯಾರಾದರೂ ಶ್ರಾವಿಕೆಯರು ಎಣ್ಣೆ ಹಚ್ಚಲು ಬಂದರೆ ಬೇಡವೆನ್ನಬೇಡಿ.

ಒಂದು ಕಾಲಕ್ಕೆ ನಿಮ್ಮ ತಮ್ಮನಾಗಿದ್ದ,
ಸಂಮೇದ

ತಾ.ಕ.: ಶಿದ್ರಾಮ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಅಕ್ಕಾ, ನಿನ್ನೆ ದೀಪ ಹಚ್ಚಿದ ಮೇಲೆ ಅವ್ವನ ಕಿವಿಗೆ ಬಗ್ಗಿ ಹೇಳಿಬಿಟ್ಟೆ. "ಬೇಡಗದಿಂದ ಮಾತು ಬಂದೈತವ್ವಾ. ಅಕ್ಕ ಛೂಟ ಕೊಟ್ಟಾಳ" ಎಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದಳು. ಗುಳಿಗೆ ಇಟ್ಟೆ, ನೀರು ತರಲು ತಿರುಗಿದೆ, ತಿರುಗಿ ಬಂದಾಗ ಬಾಯಿ ಮುಚ್ಚಿತ್ತು. ನೀರು ಬೇಡವೆಂದು ಕಣ್ಣಲ್ಲೇ ಹೇಳಿದಳು. ಆದ್ದರಿಂದ ನಿನ್ನ ಉತ್ತರ ಹೂಂ ಎಂದಾದರೆ ಶಿದ್ರಾಮನಿಗೆ ಹೇಳು. ಅಲ್ಲವೆಂದಾದರೆ ಏನೂ ಹೇಳಬೇಡ, ಮೌನದಲ್ಲಿರು. ಸುಳ್ಳು ನನ್ನದಾಗಿಯೇ ಉಳಿಯಲಿ. ಚೀಲ ಅವಳ ಎಡಗೈ ಬದಿಯಲ್ಲೇ ಮಡಚಿ ತೂಗುತ್ತಿದೆ. ಇವತ್ತು ಮುಂಜಾನೆ ಅದರ ಮೇಲೆ ಅಂಗೈ ಆಡಿಸಿದೆ, ಚಪ್ಪಟೆಯಾಗಿಯೇ ಇದೆ. ಹೊಲಿಗೆ ಬಿಟ್ಟ ಕಡೆ ಬೆರಳು ಹಾಕಿ ನೋಡಿಲ್ಲ.