ಗಡಿ ಜಿಲ್ಲೆಯಿಂದ ಬಂದ ಮಿಸ್ಡ್ ಕಾಲ್

ಪರದೇಶದ ಅನುಭವವನ್ನು ತೂಗಿ ನೋಡುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ತಮ್ಮ ಕಚೇರಿಗೆ ಪಶ್ಚಿಮ ಆಫ್ರಿಕಾದಿಂದ ಮೂರು ಮಿಸ್ಡ್ ಕಾಲ್ ಬಂದವು. ಅದು ಘೋರ ಅಪರಾಧವೆಂದು ತಾವು ತೀರ್ಮಾನಿಸಿದಿರಿ. ಶಿಕ್ಷೆಯಾಗಿ, ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿರುವ ಶಮೀಮ್ ಎಂಬ ನರ್ಸ್ ಗಂಡ, ಮಗಳ ಸಮೇತ ಈ ತಿಂಗಳ ಕೊನೆಗೆ ದೇಶ ಬಿಡಬೇಕಾಗಿದೆ. ಇಷ್ಟು ಚುರುಕಾದ ನ್ಯಾಯಕ್ಕೆ ಅಭಿನಂದನೆ ಸಲ್ಲಿಸೋಣವೆಂದೇ ಬರೆಯಲು ಕುಳಿತೆ. ಆದರೆ ಯಾಕೋ, ಪದಗಳಿಗಿಂತ ಮೊದಲು ಹೇಸಿಗೆಯೇ ಬರುತ್ತಿದೆ.

ಶಮೀಮ್ ರಾಣೆಬೆನ್ನೂರಿನ ಹೆಣ್ಣುಮಗಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಒಂದು ಸೇವಾಸಂಸ್ಥೆಯ ಮೂಲಕ ಬೆನಿನ್ ದೇಶದ ಉತ್ತರದ ತುದಿಗೆ, ಬುರ್ಕಿನಾ ಫಾಸೊ ಗಡಿಗಂಟಿದ ಒಂದು ಜಿಲ್ಲೆಯ ಆಸ್ಪತ್ರೆಗೆ ಹೋದವಳು. ಗಡಿಯಾಚೆಯಿಂದ ತುಂಬು ಗರ್ಭಿಣಿಯರು ನಡೆದುಕೊಂಡು ಬರುತ್ತಿದ್ದ ಹೆರಿಗೆ ವಾರ್ಡು ಅವಳದು. ಆಮೇಲೆ ಬಂಡುಕೋರರು ಬೈಕುಗಳಲ್ಲಿ ಬಂದರು. ಮೊದಲು ಶಾಲೆ ಸುಟ್ಟರು, ನಂತರ ಪೊಲೀಸ್ ಠಾಣೆ, ಮೊಬೈಲ್ ಟವರು, ಕಡೆಗೆ ಆಸ್ಪತ್ರೆ. ಶಮೀಮ್ ಗಂಡನ ಕೆಲಸದ ವೀಸಾದ ಮೇಲೆ ಆಕ್ಲೆಂಡಿಗೆ ಬಂದಳು; ಆ ವೀಸಾ ಈ ತಿಂಗಳಿಗೆ ಮುಗಿಯುತ್ತದೆ. ಈಗ ವೃದ್ಧಾಶ್ರಮವೊಂದರಲ್ಲಿ ಹಿರಿಯರಿಗೆ ಸ್ನಾನ ಮಾಡಿಸಿ ಊಟ ತಿನ್ನಿಸುತ್ತಾಳೆ. ಅವಳು ನರ್ಸ್ ಹೌದು ಎಂದು ತಾವು ಒಂದು ಮಾತು ಹೇಳಿದರೆ ಆಸ್ಪತ್ರೆಯ ಕೆಲಸ ಕಾದಿದೆ, ವೀಸಾವೂ ಉಳಿಯುತ್ತದೆ.

ಆ ಒಂದು ಮಾತಿಗಾಗಿ ತಾವು ಕೇಳಿದ್ದೇನು? ಆಸ್ಪತ್ರೆಯ ‘ಸದ್ಯದ ಸ್ಥಿತಿಯ’ ಫೋಟೋ. ಸ್ವಾಮಿ, ಸದ್ಯದ ಸ್ಥಿತಿಯಲ್ಲಿ ಅದಕ್ಕೆ ಛಾವಣಿಯಿಲ್ಲ. ಬೆಳಕು ಚೆನ್ನಾಗಿದೆ, ಫೋಟೋ ಸೊಗಸಾಗಿ ಬರುತ್ತದೆ, ತೆಗೆಯುವವನು ಬದುಕಿ ಬಂದರೆ. ಆಮೇಲೆ ಸ್ಥಳೀಯ ಪೊಲೀಸ್ ಠಾಣೆಯ ಮೊಹರು. ಬೂದಿಗೆ ಮೊಹರು ಒತ್ತುವ ವಿಧಾನವನ್ನು ತಾವೇ ತಿಳಿಸಿದರೆ ಉಪಕಾರ. ಇದೇ ಸರ್ಕಾರದ ಪ್ರವಾಸ ಸಲಹೆಯ ಪುಟ ತೆರೆದರೆ, ಆ ಕಡೆಗೆ ಯಾವ ಕಾರಣಕ್ಕೂ ಹೋಗಬೇಡಿ ಎಂದು ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತದೆ. ಒಂದು ಕಚೇರಿ ಹೋದರೆ ಸಾಯುತ್ತೀರಿ ಎನ್ನುತ್ತದೆ, ಇನ್ನೊಂದು ಹೋಗಿ ಮೊಹರು ಹಾಕಿಸಿಕೊಂಡು ಬನ್ನಿ ಎನ್ನುತ್ತದೆ. ನೀವಿಬ್ಬರೂ ಮಧ್ಯಾಹ್ನದ ಕಾಫಿಗೆ ಬೇರೆ ಬೇರೆ ಲಿಫ್ಟಿನಲ್ಲಿ ಇಳಿಯುತ್ತೀರೋ ಹೇಗೆ?

ಇರಲಿ, ಸಾಕ್ಷಿ ಹೇಳಲು ಒಬ್ಬರಿದ್ದರು. ಆ ಆಸ್ಪತ್ರೆಯ ವೈದ್ಯರಾಗಿದ್ದ ಡಾಕ್ಟರ್ ಬಿಯೋ. ಎಲ್ಲರೂ ದಕ್ಷಿಣಕ್ಕೆ ಓಡಿದಾಗ ಓಡದೆ, ಪಕ್ಕದ ಹಳ್ಳಿಯ ಒಂದು ಕೋಣೆಯಲ್ಲಿ ಈಗಲೂ ರೋಗಿಗಳನ್ನು ನೋಡುತ್ತಿರುವ ಮನುಷ್ಯ. ಅಲ್ಲಿ ಸಿಗ್ನಲ್ ಇಲ್ಲ. ಬುಧವಾರದ ಸಂತೆಗೆ ಸೈನ್ಯದ ಬೆಂಗಾವಲಿನಲ್ಲಿ ಲಾರಿಗಳು ಹೊರಡುತ್ತವೆ. ಅವುಗಳ ಹಿಂದೆ, ನೆಲಬಾಂಬು ಹೂತಿಟ್ಟಿರಬಹುದಾದ ರಸ್ತೆಯಲ್ಲಿ ಹೋದರೆ ಸಂತೆಯೂರಿನಲ್ಲಿ ಫೋನು ಜೀವ ಹಿಡಿಯುತ್ತದೆ. ಅವರು ಮೂರು ಬುಧವಾರ ಹೋದರು. ತಮ್ಮ ಕಚೇರಿಯ ಅಧಿಕಾರಿಯ ನಂಬರಿಗೆ ಪ್ರತಿ ಸಲವೂ ಒಂದು ರಿಂಗ್ ಕೊಟ್ಟು ಕಟ್ ಮಾಡಿದರು. ಅಲ್ಲಿ ಬೆಳಗಾದಾಗ ಇಲ್ಲಿ ಸಂಜೆ ಏಳು ಗಂಟೆ, ಕಚೇರಿಗೆ ಬೀಗ. ಅಧಿಕಾರಿ ಮರುದಿನ ಬೆಳಿಗ್ಗೆ ಸಾವಕಾಶವಾಗಿ ವಾಪಸ್ ಮಾಡಿದರೆ ಡಾಕ್ಟರು ಸಿಗ್ನಲ್ ಇಲ್ಲದ ಹಳ್ಳಿಗೆ ಮರಳಿದ್ದಾರೆ. ಕಡತದಲ್ಲಿ ದಾಖಲಾದ ವಾಕ್ಯ: ‘ಸಾಕ್ಷಿದಾರರು ಪದೇಪದೇ ಕರೆ ಕಡಿತಗೊಳಿಸಿದ್ದಾರೆ. ನಡವಳಿಕೆ ಸಂಶಯಾಸ್ಪದ. ಅಸಹಕಾರ.’

ಆ ನಿರ್ಧಾರ ಕೈಸೇರಿದ ದಿನ ಶಮೀಮ್ ಮೌಂಟ್ ಆಲ್ಬರ್ಟಿನ ನಮ್ಮ ಮನೆಗೆ ಬಂದಳು.

“ತಪ್ಪು ನಂದ ಐತ್ರಿ ಅಂಕಲ್. ಡಾಕ್ಟರಿಗೆ ನಾನ ಹೇಳಿದ್ದೆ. ಸುಮ್ನ ಕರೆನ್ಸಿ ಯಾಕ ಖರ್ಚ್ ಮಾಡ್ತೀರಿ, ಒಂದ್ ಮಿಸ್ಡ್ ಕಾಲ್ ಕೊಡ್ರಿ, ಇವ್ರು ಸರ್ಕಾರದವ್ರು, ತಾವ ತಿರುಗಿ ಫೋನ್ ಹಚ್ತಾರ ಅಂತ.”

ಬೆನಿನ್‌ನಲ್ಲಿಯೂ ಅದೇ ಪದ್ಧತಿಯಂತೆ. ಒಂದು ರಿಂಗ್ ಅಂದರೆ, ನಾನು ಸಿಕ್ಕಿದ್ದೇನೆ, ಕರೆನ್ಸಿ ಇರುವವರು ಈಗಲೇ ಮಾಡಿ ಎಂದರ್ಥ. ರಾಣೆಬೆನ್ನೂರಿನಲ್ಲಿ ಮದುವೆಗಳೇ ಮಿಸ್ಡ್ ಕಾಲ್‌ನಲ್ಲಿ ಕುದುರಿವೆ. ಶಮೀಮಳ ಮಗಳು ಅರೀಬಾ ಮಾತ್ರ ಬಿಸ್ಕತ್ತು ಕಡಿಯುತ್ತ, “ಅಮ್ಮೀ, ಹೂ ಈವನ್ ಡಸ್ ದಟ್?” ಎಂದಳು.

“ಡಾಕ್ಟರು ಸಂತ್ಯಾಗಿಂದ ವಾಯ್ಸ್ ಮೆಸೇಜ್ ಕಳ್ಸ್ಯಾರ್ರಿ,” ಶಮೀಮ್ ಕಣ್ಣೊರೆಸಿಕೊಂಡು ನಕ್ಕಳು. “‘ಸಿಸ್ಟರ್, ನಿಮ್ಮದು ಅಷ್ಟು ಬಡ ಸರ್ಕಾರ ಏನು? ಅವ್ರ ಹಂತೇಕೂ ಕರೆನ್ಸಿ ಇಲ್ಲೇನು?’ ಅಂತ ಕೇಳ್ತಾರ.”

ನನ್ನ ಹೆಂಡತಿ ತಾರಾ, “ನೀವೇ ಬರೀರಿ ಮತ್ತೆ. ನಿಮ್ಮ ಹಾಸ್ಯ ಓದಿ ನಗದೇ ಇರೋದು ನಾನೊಬ್ಳೇ ಯಾಕಾಗ್ಬೇಕು, ಆ ಸಾಹೇಬ್ರೂ ಸೇರ್ಕೊಳ್ಲಿ,” ಎಂದಳು. ಹಾಗಾಗಿ ತಮಗೆ ಈ ತೊಂದರೆ.

ಬಡತನವಲ್ಲ ಎಂದು ಡಾಕ್ಟರಿಗೆ ಹೇಗೆ ತಿಳಿಸಲಿ? ತಮ್ಮ ಬಳಿ ಎಲ್ಲವೂ ಇದೆ: ಹವಾನಿಯಂತ್ರಿತ ಕೋಣೆ, ಸಹಾನುಭೂತಿಯ ತರಬೇತಿ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಹಾಡುವ ಯಂತ್ರ. ಒಬ್ಬ ಮನುಷ್ಯ ತನ್ನ ಹಳೆಯ ನರ್ಸಿಗಾಗಿ ಜೀವ ಪಣಕ್ಕಿಟ್ಟು ಸಂತೆಗೆ ಬಂದು ಒಂದು ರಿಂಗ್ ಕೊಟ್ಟದ್ದನ್ನು ‘ಅಸಹಕಾರ’ ಎಂದು ಬರೆದ ಕೈ ಸಂಜೆ ಅದು ಹೇಗೆ ಅನ್ನ ಕಲಸಿತೋ, ಅದೊಂದೇ ನನಗೆ ತಿಳಿಯದು.

ನನ್ನ ಬೇಡಿಕೆ ಸಣ್ಣದು. ಬರುವ ಬುಧವಾರ ಡಾಕ್ಟರ್ ಬಿಯೋ ಮತ್ತೆ ಹೊರಡುತ್ತಾರೆ. ಬೇಡವೆಂದರೂ ಕೇಳುತ್ತಿಲ್ಲ. ಅಂದು ಸಂಜೆ ತಮ್ಮ ಕಚೇರಿಯಲ್ಲಿ ಒಬ್ಬರು, ಒಬ್ಬರೇ ಸಾಕು, ಬಸ್ಸು ತಪ್ಪಿದರೂ ಸರಿ ಎಂದು ಏಳೂವರೆಯವರೆಗೆ ಕುಳಿತಿರಲಿ. ಫೋನು ಒಂದು ಸಲ ಬಡಿದು ನಿಂತರೆ ತಕ್ಷಣ ಅದೇ ನಂಬರಿಗೆ ಮಾಡಿ, ಶಮೀಮ್ ನರ್ಸ್ ಹೌದೇ ಎಂದು ಕೇಳಲಿ. ಬಡಿಯದೇ ಹೋದರೆ, ದಯವಿಟ್ಟು, ಅಸಹಕಾರವೆಂದು ಬರೆಯಬೇಡಿ. ಶಮೀಮಳಿಗೆ ತಿಳಿಸಿ. ಆ ರಸ್ತೆಯಲ್ಲಿ ಅವರಿಗೆ ಏನಾಯಿತೆಂದು ಅವಳು ವಿಚಾರಿಸಬೇಕು.

ಇಂತಿ,
ತಮ್ಮಂಥವರ ಕೃಪೆಯಿಂದ ಹಾಸ್ಯ ಬರೆಯುವುದು ದಿನೇದಿನೇ ಕಷ್ಟವಾಗುತ್ತಿರುವ,
ಕೇದಾರ್, ಮೌಂಟ್ ಆಲ್ಬರ್ಟ್