ಸಂಜೆಯ ಎಂ.ಎ.ಗೆ ಬೀಗ ಹಾಕಿದವರು ಯಾರು?

ಮಾನ್ಯ ಕುಲಸಚಿವರೇ,

ಇಂಗ್ಲಿಷ್ ಸಾಹಿತ್ಯದ ಸಂಜೆ ಎಂ.ಎ. ತರಗತಿಯನ್ನು ನೀವು ಅರ್ಧದಲ್ಲೇ ಮುಚ್ಚಿಸಿದ್ದೀರಿ. ಮೊದಲ ವರ್ಷ ಪಾಸು ಮಾಡಿ ಎರಡನೆಯದಕ್ಕೆ ಕಾಲಿಟ್ಟಿದ್ದ ನಾಲ್ವರು ಬೀದಿಗೆ ಬಿದ್ದಿದ್ದೇವೆ. ನಾಲ್ವರಲ್ಲಿ ನಾನೇ ಹಿರಿಯಳು, ವಯಸ್ಸು ಐವತ್ತು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಒಗೆದು ಬಂದ ಹೊದಿಕೆ ಮಡಿಸುವುದು ನನ್ನ ಕೆಲಸ. ಓದಿದ್ದು ಹಳ್ಳಿಯ ಶಾಲೆಯಲ್ಲಿ. ಮಕ್ಕಳೆಲ್ಲ ದಡ ಸೇರಿದ ಮೇಲೆ ಅಂಚೆ-ತೆರಪಿನ ಶಿಕ್ಷಣದಲ್ಲಿ ಬಿ.ಎ. ಮುಗಿಸಿ, ನಿಮ್ಮ ಬಾಗಿಲಿಗೆ ಬಂದೆ.

‘ಹಗಲಿನ ತರಗತಿಗೆ ಸೇರಿಕೊಳ್ಳಬಹುದು’ ಎಂದು ನಿಮ್ಮ ಸೂಚನಾಪತ್ರ ಅಪ್ಪಣೆ ಕೊಡಿಸಿದೆ. ಎಂಥ ಔದಾರ್ಯ! ಹಗಲು ಬಿಡುವಿದ್ದವರು ಸಂಜೆ ತರಗತಿಗೆ ಯಾಕೆ ಸೇರುತ್ತಿದ್ದರು ಎಂಬುದು ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಮುಂದಿನ ವರ್ಷದೊಳಗೆ ಮುಗಿಸದಿದ್ದರೆ ಮೊದಲ ವರ್ಷ ಪಾಸಾದದ್ದೂ ರದ್ದು ಎನ್ನುವುದೂ ನಿಮ್ಮದೇ ನಿಯಮ. ಬಾಗಿಲು ಹಾಕುವವರೂ ನೀವೇ, ಒಳಗೆ ಬರಲಿಲ್ಲವೆಂದು ದಂಡಿಸುವವರೂ ನೀವೇ.

ಕಳೆದ ವಾರ ನಾವು ನಾಲ್ವರೂ ನಿಮ್ಮ ಮುಂದೆ ನಿಂತಿದ್ದೆವು. ಕುರ್ಚಿ ಖಾಲಿಯಿದ್ದರೂ ಕೂರಿ ಎನ್ನಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನೊಬ್ಬಳನ್ನೇ ನೋಡಿ, “ಏನಮ್ಮಾ, ಈ ವಯಸ್ಸಲ್ಲಿ ಇಂಗ್ಲಿಷ್ ಎಂ.ಎ. ಕಟ್ಕೊಂಡು ಏನ್ಮಾಡ್ತೀರಾ? ದೇವರ ಧ್ಯಾನ ಮಾಡ್ಕೊಂಡು ಆರಾಮಾಗಿರಿ” ಎಂದಿರಿ. ಗುಮಾಸ್ತರು ಕಿಸಕ್ಕನೆ ನಕ್ಕರು. “ಅಷ್ಟು ಆಸೆ ಇದ್ರೆ ಪುಸ್ತಕ ಮನೇಲೇ ಓದ್ಕೊಳ್ಳಿ. ಯಾರು ಬೇಡ ಅಂದ್ರು?” ಎಂದೂ ಸೇರಿಸಿದಿರಿ. ಎರಡು ಮಾತಿಗೂ ನನ್ನಲ್ಲಿ ಉತ್ತರವಿದೆ. ಈಗ ಹೇಳುತ್ತೇನೆ, ಕೇಳಿ.

ನನ್ನ ಧ್ಯಾನದ ಚಿಂತೆ ನಿಮಗೆ ಬೇಡ. ದೇವರಿಗೆ ಕೈಮುಗಿಯದೆ ನಾನು ಬೆಳಗ್ಗೆ ಒಂದು ಲೋಟ ನೀರೂ ಕುಡಿಯುವುದಿಲ್ಲ. ಅವನು ಈತನಕ ನನ್ನ ವಯಸ್ಸು ಕೇಳಿಲ್ಲ. ಕೆಡುಕು ಮಾಡಿದವರನ್ನೂ ಚೆನ್ನಾಗಿಡಪ್ಪಾ ಎಂದು ಬೇಡಿಕೊಂಡು ಬಂದವಳು ನಾನು. ಈ ವಾರ ನಿಮ್ಮ ಸರದಿ ಬಂದಾಗ ನಿಮ್ಮ ಹೆಸರು ಬಿಟ್ಟು ಮುಂದಕ್ಕೆ ಹೋದೆ. ಅಷ್ಟರ ಮಟ್ಟಿಗೆ ನನ್ನ ಭಕ್ತಿಯನ್ನೂ ಕೆಡಿಸಿದಿರಿ.

ಇನ್ನು ಮನೆಯಲ್ಲೇ ಓದುವ ವಿಚಾರ. ನಮ್ಮ ಶಾಲೆಯಲ್ಲಿ ಅಚ್ಚಾದದ್ದೆಲ್ಲ ನಿಜ; ಪುಸ್ತಕವನ್ನು ಅನುಮಾನಿಸಿದರೆ ಮೇಷ್ಟರಿಗೆ ಎದುರು ಮಾತಾಡಿದಂತೆ. ಆ ಬುದ್ಧಿಯಲ್ಲೇ ಮೊದಲ ವರ್ಷದ ಒಂದು ಕಾದಂಬರಿ ಓದಿದೆ. ಹೆಂಡತಿ ತೀರಿಕೊಂಡವನೊಬ್ಬ, ಅವಳನ್ನು ತಾನೆಷ್ಟು ಚೆನ್ನಾಗಿ ನೋಡಿಕೊಂಡೆ ಎಂದು ತಾನೇ ಹೇಳುವ ಕಥೆ. ನಮ್ಮ ಅತ್ತೆಯ ಕಣ್ಣು ಮಂಜಾಗಿದೆ. ಓದಿದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಿದರೇ ನನಗೂ ತಲೆಗೆ ಹತ್ತುವುದು. ಅವನ ಒಳ್ಳೆಯತನವನ್ನು ಬಣ್ಣಿಸುತ್ತಾ ನಾನು ಸೆರಗು ನೆನೆಯುವಷ್ಟು ಅತ್ತುಬಿಟ್ಟೆ.

ತರಗತಿಯಲ್ಲಿ ಮೇಡಂ ಕೇಳಿದ್ದು ಇಷ್ಟೇ: “ಇದನ್ನೆಲ್ಲ ಹೇಳ್ತಿರೋದು ಯಾರು? ಆ ಹೆಂಡತಿ ಎಲ್ಲಾದ್ರೂ ಒಂದು ಮಾತಾಡಿದಾಳಾ, ಹುಡುಕಿ.” ನಾಲ್ವರೂ ಕೂತು ಪುಟ ತಿರುವಿದೆವು. ಇಲ್ಲ, ಒಂದು ಮಾತೂ ಇಲ್ಲ. ಮನೆಗೆ ಬಂದು, “ನಾನು ಮೋಸಹೋದೆ ಅತ್ತೆ, ಅವನು ಒಳ್ಳೆಯವನಲ್ಲ” ಎಂದೆ.

“ನಂಗೆ ಅವತ್ತೇ ಅನ್ನಿಸ್ತು ಕಣೇ. ಒಳ್ಳೆಯವನು, ಒಳ್ಳೆಯವನು ಅಂತ ಅವನೇ ಹೇಳ್ಕೋತಿದ್ನಲ್ಲ! ನೀನು ಅಷ್ಟು ಚೆನ್ನಾಗಿ ಅಳ್ತಿದ್ದೆ, ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ.”

ಒಬ್ಬಳೇ ಓದಿಕೊಂಡಿದ್ದರೆ ಸಾಯುವತನಕ ಆ ಗಂಡಸನ್ನು ನಂಬಿಕೊಂಡೇ ಇರುತ್ತಿದ್ದೆ, ಸ್ವಾಮಿ. ನಾಲ್ಕು ಜನ ಎದುರುಬದುರು ಕೂತು ಜಗಳವಾಡಿ ಓದುವುದಕ್ಕೆ ತರಗತಿ ಬೇಕು.

ನಿಮ್ಮ ಸೂಚನಾಪತ್ರವನ್ನೂ ಈಗ ಹಾಗೆಯೇ ಓದಿದೆವು. ‘ಆಡಳಿತಾತ್ಮಕ ಕಾರಣಗಳಿಂದ ಮತ್ತು ವಿದ್ಯಾರ್ಥಿಗಳ ಹಿತದೃಷ್ಟಿಯಿಂದ’ ಎಂದಿದೆ. ಹಿತ ಯಾವ ವಿದ್ಯಾರ್ಥಿಯದು? ಅವರನ್ನು ಒಂದು ಮಾತು ಕೇಳಿದವರುಂಟೇ? ಕಾರಣ ಪತ್ರದಲ್ಲಿ ಸಿಗಲಿಲ್ಲ, ನಮ್ಮ ಕೊಠಡಿಯ ಕಿಟಕಿಯಲ್ಲಿ ಸಿಕ್ಕಿತು. ಅಲ್ಲೀಗ ಯಾರೋ ಖಾಸಗಿಯವರು ಒಂದೇ ತಿಂಗಳಲ್ಲಿ ಇಂಗ್ಲಿಷ್ ಮಾತಾಡಿಸುವ ತರಗತಿ ನಡೆಸುತ್ತಿದ್ದಾರೆ. ನಮ್ಮ ಕಾಲದಲ್ಲಿ ತಿರುಗದ ಫ್ಯಾನು ಗಿರಗಿರನೆ ತಿರುಗುತ್ತಿದೆ. ‘ನೀವೂ ಅದಕ್ಕೇ ಸೇರಿ’ ಎಂದು ನಿಮ್ಮ ಗುಮಾಸ್ತರ ಸಲಹೆ. ಸಲೀಸಾಗಿ ಮಾತಾಡುವವರ ಕೈಯಲ್ಲಿ ನಾವು ಸಾಕಷ್ಟು ಅನುಭವಿಸಿದ್ದೇವೆ. ನಮಗೆ ಬೇಕಾಗಿರುವುದು ಓದು.

ಆದ್ದರಿಂದ ಕೇಳುತ್ತಿದ್ದೇನೆ: ನಾವು ನಾಲ್ವರು ಪರೀಕ್ಷೆ ಬರೆಯುವತನಕ ಸಂಜೆ ತರಗತಿ ನಡೆಯಲಿ. ಕೊಠಡಿ ಇಲ್ಲದಿದ್ದರೆ ಮೆಟ್ಟಿಲ ಮೇಲಾದರೂ ಕೂರುತ್ತೇವೆ, ಪಾಠ ಮಾಡಲು ಮೇಡಂ ತಯಾರಿದ್ದಾರೆ. ಆಗದು ಎನ್ನುವುದಾದರೆ, ಯಾರು ಮುಚ್ಚಿದರು, ಯಾಕೆ ಮುಚ್ಚಿದರು ಎಂದು ಬರೆದು ನಿಮ್ಮ ಸಹಿ ಹಾಕಿ ಕೊಡಿ. ಬರೆಯುವಾಗ ಸ್ವಲ್ಪ ಎಚ್ಚರವಿರಲಿ. ನಾನು ಓದಲು ಕಲಿತದ್ದು ಅರ್ಧವೇ ಇರಬಹುದು. ಆ ಅರ್ಧವನ್ನು ಕಲಿಸಿದ್ದು ನಿಮ್ಮದೇ ವಿಶ್ವವಿದ್ಯಾಲಯ.

ಇಂತಿ,
ಮೊದಲ ವರ್ಷ ಪಾಸಾಗಿ, ಎರಡನೆಯ ವರ್ಷಕ್ಕೆ ಕಿಟಕಿಯ ಹೊರಗೆ ನಿಂತಿರುವ
ನಿಮ್ಮ ಹಿರಿಯ ವಿದ್ಯಾರ್ಥಿನಿ