‘ಸಿಟ್ ರಿ ಸರ್’ ಎಂದ ತಪ್ಪಿಗೆ

ನಮ್ಮೂರ ಶಾಲೆಗೆ ತಪಾಸಣೆಗೆ ಬಂದು ಹನ್ನೆರಡೇ ನಿಮಿಷದಲ್ಲಿ ಎಲ್ಲವನ್ನೂ ತಿಳಿದುಕೊಂಡು ಹೋದ ಮಾನ್ಯ ಅಧಿಕಾರಿಗಳೇ,

ಐದನೆಯ ತರಗತಿಯ ಮಕ್ಕಳು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಮಾತಾಡಿದರು ಎಂಬ ಅಪರಾಧಕ್ಕೆ ತಾವು ಇಂಗ್ಲಿಷ್ ಕಲಿಸುವ ಶೋಭಾ ಅಕ್ಕೋರಿಗೆ ನೋಟಿಸು ಕೊಟ್ಟಿದ್ದೀರಿ. ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು, ಅದು ಸಮಾಧಾನ ತರದಿದ್ದರೆ ಅವರನ್ನು ಪಾಠದಿಂದ ಬಿಡಿಸಿ ಬೇರೆ ಕೆಲಸಕ್ಕೆ ಕಳಿಸಲಾಗುವುದು ಎಂದು ಅದರಲ್ಲಿದೆಯಂತೆ. ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರು ಓದಿ ಹೇಳಿದರು. ಏಳರಲ್ಲಿ ನಾಲ್ಕು ದಿನ ಆಗಲೇ ಹೋದವು. ನೋಟಿಸು ಬಂದದ್ದು ಅವರಿಗೆ, ಅನ್ನ ಸೇರದಿರುವುದು ನನಗೆ.

ನಾನು ಕಲ್ಲೋಳಿ ಕಡೆಯ ಒಂದು ಸಣ್ಣ ಊರಿನಲ್ಲಿ ಹೆಂಗಸರ ಜಂಪರ್ ಹೊಲಿಯುವವಳು. ನನ್ನ ಮಗಳು ಕಸ್ತೂರಿ ಆ ತರಗತಿಯಲ್ಲಿದ್ದಾಳೆ. ತಾವು ಬಂದ ದಿನ ಅವಳು ಮನೆಯಲ್ಲೇ ಮರೆತು ಹೋದ ನೀರಿನ ಬಾಟಲಿ ಕೊಡಲು ಹೋಗಿ ಕಿಟಕಿಯ ಹೊರಗೆ ನಿಂತಿದ್ದೆ. ಆದ್ದರಿಂದ ನಾನು ಹೇಳುವುದು ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು.

ಅಕ್ಕೋರು ತರಗತಿಯನ್ನು ಬಸ್ ಸ್ಟ್ಯಾಂಡ್ ಮಾಡಿದ್ದರು. ಬಸ್ಸಿನ ವೇಳೆ ಬರೆದ ಚೀಟಿ ಕಸ್ತೂರಿಯ ಕೈಯಲ್ಲಿ ಮಾತ್ರ. ಉಳಿದವರು ಪ್ರಯಾಣಿಕರು, ಇಂಗ್ಲಿಷಿನಲ್ಲಿ ಕೇಳದೆ ಯಾರಿಗೂ ಬಸ್ಸು ಸಿಗದು.

‘ಗೋಕಾಕ ಬಸ್, ವೆನ್?’ ಎಂದ ಕಿಶೋರ.

‘ಗಾನ್ ರಿ!’

‘ಗಾನ್? ಮೈ ವೈಫ್ ಇನ್ ಬಸ್ ರಿ!’

ಮಕ್ಕಳು ಬಿದ್ದು ಬಿದ್ದು ನಕ್ಕರು. ತಾವು ಒಳಗೆ ಕಾಲಿಟ್ಟದ್ದು ಆ ನಗೆಯ ನಡುವೆ. ನನ್ನ ಮಗಳು ತಮ್ಮನ್ನೂ ಪ್ರಯಾಣಿಕರೆಂದೇ ತಿಳಿದು ‘ಕಮ್ ರಿ ಸರ್, ಸಿಟ್ ರಿ. ವೇರ್ ಯು ಗೋ ರಿ?’ ಎಂದಳು. ತಾವು ಅವಳಿಗೆ ಉತ್ತರ ಕೊಡಲಿಲ್ಲ. ಅಕ್ಕೋರ ಕಡೆ ತಿರುಗಿ ‘ಏನ್ರಿ ಇದು, ಸಾಲಿಯೋ ಸಂತಿಯೋ? ನೋಟ್‌ಬುಕ್ ತಗೀರಿ’ ಎಂದಿರಿ. ಆಮೇಲೆ ಬರೆದಿರಿ: ಗದ್ದಲ, ಅಶುದ್ಧ ಭಾಷೆ, ನೋಟ್‌ಬುಕ್ ಅಪೂರ್ಣ. ಆ ಪೀರಿಯಡ್ಡಿನಲ್ಲಿ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡದೆ ಹೋದವರು ತಾವೊಬ್ಬರೇ ಎಂಬುದನ್ನು ಮಾತ್ರ ಬರೆಯಲು ಮರೆತಿರಿ.

ಅಶುದ್ಧ ಎಂದರೆ ಏನು ಸ್ವಾಮಿ? ಇಂಗ್ಲಿಷಿನಲ್ಲಿ ಸಾಹೇಬರಿಗೂ ಬೆಕ್ಕಿನ ಮರಿಗೂ ಒಂದೇ ‘ಸಿಟ್’ ಅಂತೆ. ಅಷ್ಟು ದೊಡ್ಡವರಿಗೆ ಬರೀ ಸಿಟ್ ಎನ್ನಲು ಆ ಹುಡುಗಿಗೆ ನಾಲಿಗೆ ಬರಲಿಲ್ಲ. ಮನೆಯಿಂದ ಕಲಿತುಕೊಂಡು ಹೋದ ಮರ್ಯಾದೆಯನ್ನು ಅದಕ್ಕೆ ಹಚ್ಚಿದಳು. ತಮಗೆ ಕೊಟ್ಟ ಮರ್ಯಾದೆಯನ್ನೇ ತಾವು ತಪ್ಪುಗಳ ಪಟ್ಟಿಗೆ ಸೇರಿಸಿದಿರಿ. ಈ ‘ರಿ’ಯ ಚಿಂತೆ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ನನಗೆ ಯಾವುದರ ಚಿಂತೆ ಇಲ್ಲ? ದೀಪಾವಳಿಗೆ ಮುಂಚೆಯೇ ಅಕ್ಕೋರ ಹತ್ತಿರ ಹೋಗಿ ಕೇಳಿದ್ದೆ. ಅವರು ನಕ್ಕು, ‘ಇರ್ಲಿ ಬಿಡ್ರಿ ಸುಂದ್ರವ್ವ. ನಮ್ಮ ರಿ ಮಾತಿನ ಹಿಂದ ಬರ್ತೈತಿ, ಅವರ ಪ್ಲೀಸ್ ಮುಂದ ಬರ್ತೈತಿ. ಅಕಿ ಒಮ್ಮಿ ಸಿಟ್ ರಿ ಅಂದ್ರ ನಾ ಹತ್ತ ಸಲ ಪ್ಲೀಸ್ ಸಿಟ್ ಅಂತೇನಿ. ಕೇಳ್ತಾ ಕೇಳ್ತಾ ತಾನ ತಿದ್ಕೋತಾಳ. ತೆರದ ಬಾಯಿ ಒಮ್ಮಿ ಮುಚ್ಚಿತಂದ್ರ ಮಾತ್ರ ಮತ್ತ ತೆರಿಯೂದು ಭಾಳ ತ್ರಾಸು’ ಎಂದಿದ್ದರು.

ತಾವು ಬಯಸುವ ಶಾಂತ ತರಗತಿಯಲ್ಲಿ ಕಲಿತವಳು ನಾನು. ಹುಕ್ಕೇರಿ ತಾಲೂಕಿನ ತವರೂರಿನಲ್ಲಿ ಏಳನೆಯದಕ್ಕೆ ಶಾಲೆ ಬಿಟ್ಟೆ, ಎರಡು ವರ್ಷದ ಮೇಲೆ ಮತ್ತೆ ಸೇರಿದೆ, ಒಂಬತ್ತರಲ್ಲಿ ಇಂಗ್ಲಿಷಿಗೆ ಹೆದರಿ ಪೂರ್ತಿ ಬಿಟ್ಟೆ. ಬೋರ್ಡಿನ ಮೇಲೆ ‘ಮೈ ನೇಮ್ ಈಸ್ ರಾಜು’ ಎಂದಿತ್ತು. ಹುಡುಗಿಯರೂ ಸೇರಿ ನಲವತ್ತು ಮಂದಿ ಅದನ್ನೇ ಬರೆದು ರಾಜು ಆದೆವು. ನನ್ನ ಅಕ್ಷರಗಳು ದುಂಡಗಿದ್ದವು. ಕೆಂಪು ಮಸಿಯಲ್ಲಿ ‘ಗುಡ್’ ಬಿತ್ತು. ಮೂರು ವರ್ಷದ ಹಿಂದೆ ಹೊಟ್ಟೆನೋವೆಂದು ಘಟಪ್ರಭಾದ ದವಾಖಾನೆಗೆ ಹೋದಾಗ, ಕನ್ನಡ ಬಾರದ ಡಾಕ್ಟರರು ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಗಾಬರಿಯಲ್ಲಿ ಬಾಯಿ ತಾನಾಗಿ ‘ಮೈ ನೇಮ್ ಈಸ್ ರಾಜು’ ಎಂದಿತು. ನರ್ಸು, ‘ಯವ್ವಾ, ರಾಜು ಅಂದ್ರ ನಿನ್ನ ಗಂಡನೇನ? ಅವ ಎಲ್ಲಿ?’ ಎಂದಳು. ಪಾಳಿಯಲ್ಲಿದ್ದವರೆಲ್ಲ ನಕ್ಕರು. ನೋವು ಎಲ್ಲಿ ಎಂದು ಹೇಳದೆಯೇ ಎದ್ದು ಬಂದು ಬಸ್ ಹತ್ತಿದೆ. ನನ್ನ ನೋಟ್‌ಬುಕ್ ಮಾತ್ರ ಪೂರ್ಣವಾಗಿತ್ತು, ಸಾಹೇಬರೇ. ತಾವು ನೋಡಿದ್ದರೆ ಬಹಳ ಸಂತೋಷಪಡುತ್ತಿದ್ದಿರಿ.

ನನ್ನ ಹತ್ತಿರವೂ ಹುಡುಗಿಯರು ಹೊಲಿಗೆ ಕಲಿಯಲು ಬರುತ್ತಾರೆ. ಮಷಿನ್ ಸದ್ದಾಗಬಾರದು, ಸೂಜಿ ಬಟ್ಟೆಗೆ ತಾಗಬಾರದು, ಜಂಪರಿನ ಚಿತ್ರವನ್ನು ಹತ್ತು ಸಲ ಬರೆದು ತೋರಿಸಿರಿ ಎಂದು ನಾನು ಹೇಳಿದರೆ ಯಾರ ಮೈಗೆ ಆಗುವ ಜಂಪರ್ ತಯಾರಾದೀತು? ತೋಳನ್ನು ಉಲ್ಟಾ ಹಚ್ಚದೆ ಹೊಲಿಗೆ ಕಲಿತ ಒಬ್ಬಳನ್ನು ತಾವು ತೋರಿಸುತ್ತೀರಾ? ಬಾಯಿ ಮುಚ್ಚಿಸಿ ಮಾತು ಕಲಿಸುವ ವಿದ್ಯೆ ತಮ್ಮ ಕಚೇರಿಯಲ್ಲಿದ್ದರೆ ದಯವಿಟ್ಟು ಒಮ್ಮೆ ಬಂದು ಪಾಠ ಮಾಡಿ ತೋರಿಸಿರಿ. ನಾವು ಪಾಲಕರೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ಕಲಿಯುತ್ತೇವೆ.

ಈಗ ತರಗತಿ ತಮಗೆ ಬೇಕಾದಂತೆಯೇ ಇದೆ. ಮಕ್ಕಳು ತಲೆ ಬಗ್ಗಿಸಿ ಪ್ರಶ್ನೋತ್ತರ ಇಳಿಸಿಕೊಳ್ಳುತ್ತಾರೆ. ನೊಣ ಹಾರಿದರೂ ಕೇಳಿಸುತ್ತದೆ. ಮನೆಯಲ್ಲಿ ಆಡಿಗೂ ಕೋಳಿಗೂ ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಕಸ್ತೂರಿ ನಾಲ್ಕು ದಿನದಿಂದ ಒಂದೂ ಇಂಗ್ಲಿಷ್ ಮಾತು ಆಡಿಲ್ಲ. ನಿನ್ನೆ ತಲೆ ಬಾಚುವಾಗ ಕೇಳಿದಳು: ‘ಅವ್ವಾ, ನಾ ಸುಮ್ಮ ಕುಂತಿದ್ರ ಅಕ್ಕೋರಿಗೆ ನೋಟಿಸ್ ಬರ್ತಿರ್ಲಿಲ್ಲ, ಹೌದಲ್ಲ?’

‘ಹಂಗೇನಿಲ್ಲಬೇ.’

‘ಮತ್ತ ಯಾಕ ಬಂತು?’

ಜಡೆ ಹೆಣೆದು ಅವಳನ್ನು ಶಾಲೆಗೆ ಕಳಿಸಿದೆ. ಎಷ್ಟು ಯೋಚಿಸಿದರೂ, ಅವಳ ಪ್ರಶ್ನೆಗೆ ಉತ್ತರ ಇರುವುದು ತಮ್ಮ ಹತ್ತಿರವೇ. ಆದ್ದರಿಂದ ಉಳಿದ ಮೂರು ದಿನದೊಳಗೆ ನೋಟಿಸು ಹಿಂದೆ ತೆಗೆದುಕೊಳ್ಳಿರಿ. ಅಷ್ಟಕ್ಕೇ ಬಿಡಬೇಡಿರಿ. ಇನ್ನೊಮ್ಮೆ ಶಾಲೆಗೆ ಬಂದು, ಆ ಹುಡುಗಿಯ ಎದುರು ಕುಳಿತು, ‘ತಪ್ಪು ನಿಂದಲ್ಲ’ ಎಂದು ತಮ್ಮ ಬಾಯಿಂದಲೇ ಹೇಳಿರಿ. ಕನ್ನಡದಲ್ಲೇ ಹೇಳಿರಿ, ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಹೆದರಿಕೆ ತಮಗೂ ಬೇಡ.

ಇಂತಿ,
ಈ ಪತ್ರ ಬರೆಯಬಾರದಿತ್ತೇನೋ ಎಂದು ಈಗಲೇ ಹೆದರಿಕೊಂಡಿರುವ,
ಆದರೂ ಹರಿದು ಹಾಕಲೊಲ್ಲದ,
ಸುಂದ್ರವ್ವ
ಮೂಡಲಗಿ ತಾಲೂಕು